ಸುಲ್ತಾನ್ ಬತ್ತೇರಿಯ ಕಿಂಡಿಗಳಲ್ಲಿ ಕೋನಗಳ ಪಾಠ

ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಸಮಾಜ ವಿಜ್ಞಾನದ ಪ್ರವಾಸಕ್ಕಷ್ಟೇ ಮೀಸಲಿಡುವುದು ವಾಡಿಕೆ. ಗುರುಪುರ ನದಿಗೆ ಶತ್ರುಗಳ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಇದು. ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ಇಲ್ಲಿ ಗಣಿತದ ಪಾಠ ಮಾಡಿದೆ.

ಒಂಬತ್ತನೆಯ ತರಗತಿಯವರಿಗೆ ಕೊಟ್ಟ ಪ್ರಶ್ನೆ: ಫಿರಂಗಿ ಕಿಂಡಿಯ ಒಳಗಿನಿಂದ ಹೊಳೆಯ ಎಷ್ಟು ಭಾಗ ಕಾಣುತ್ತದೆ? ಕಿಂಡಿಯ ಅಗಲ, ಗೋಡೆಯ ದಪ್ಪ ಎರಡನ್ನೂ ಟೇಪಿನಿಂದ ಅಳೆದು, ಪ್ರಮಾಣಬದ್ಧ ಚಿತ್ರ ಬರೆದು, ಕೋನಮಾಪಕದಿಂದ ನೋಟದ ಕೋನ ಕಂಡುಹಿಡಿಯಬೇಕು.

“ಗೋಡೆ ದಪ್ಪ ಆದಷ್ಟೂ ಒಳಗಿನವರಿಗೆ ಕಾಣುವುದು ಕಡಿಮೆ ಅಲ್ವಾ ಟೀಚರ್? ಮತ್ತೆ ಯಾಕೆ ಅಷ್ಟು ದಪ್ಪ?” ಎಂದು ಒಬ್ಬಳು ಕೇಳಿದಳು. ದಪ್ಪ ಕಡಿಮೆಯಾದರೆ ಗುಂಡಿಗೆ ಗೋಡೆ ತಡೆಯದು ಎಂದು ಹಿಂದಿದ್ದ ಹುಡುಗನೇ ಉತ್ತರಿಸಿದ. ಹಾಗಾದರೆ ಕೋನ ಹಿಗ್ಗಿಸುವುದು ಹೇಗೆ? ನಾನು ಹೇಳದೆ ರಟ್ಟು, ಕತ್ತರಿ ಕೊಟ್ಟೆ. ಕಿಂಡಿಯ ಬದಿಗಳನ್ನು ಓರೆಯಾಗಿ ಕತ್ತರಿಸಿದರೆ ದಪ್ಪ ಉಳಿದೂ ಕೋನ ಹಿಗ್ಗುತ್ತದೆಂದು ಅವರೇ ಕಂಡುಕೊಂಡರು. ಬುರುಜಿನ ಸುತ್ತಲೂ ಕಿಂಡಿಗಳೇಕೆ ಎಂಬುದೂ ಅಲ್ಲೇ ತಿಳಿಯಿತು.

ನಮ್ಮ ಪಾಠ ಯೋಜನೆಯ ನಮೂನೆ ಒಂದೇ ವಿಷಯದ ಹೆಸರು ಕೇಳುತ್ತದೆ. ಇಂಥ ಪಾಠಕ್ಕೆ ಅದು ಸಾಲದು; ಗಣಿತ, ಇತಿಹಾಸ ಎರಡೂ ಅಧ್ಯಾಪಕರು ಒಟ್ಟಿಗೆ ವೀಕ್ಷಿಸಬೇಕು. ಅಂದಹಾಗೆ, ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಡಿಸೆಂಬರ್ ನಂತರ ಹೋಗಿ, ಮಕ್ಕಳನ್ನು ಐದೈದು ಮಂದಿಯಾಗಿ ಮೇಲೆ ಕಳುಹಿಸಿ.