ಥಂಡಿ ತಡವಾದರೆ ಹಿಂಗಾರಿ ಬೆಳೆ ಏನಾಗುತ್ತದೆ?

ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ಸಾಲಿನ ಎರಿ ನೆಲ. ನನಗಿರುವುದು ಏಳು ಎಕರೆ. ಬಾವಿ ಇಲ್ಲ, ಬೋರು ಇಲ್ಲ, ಕಾಲುವೆ ನಮ್ಮ ಹೊಲಕ್ಕೆ ಬಂದಿಲ್ಲ. ಹಸ್ತ, ಚಿತ್ತಿ ಮಳೆ ನೆಲದಲ್ಲಿ ಇಳಿಸಿಟ್ಟ ನೀರು, ಆಮೇಲೆ ಮೂರು ತಿಂಗಳ ಥಂಡಿ, ಈ ಎರಡರ ಮೇಲೆಯೇ ನಮ್ಮ ಬಿಳಿಜೋಳ, ಕಡ್ಲಿ, ಕುಸುಬಿ ಬೆಳೆಯಬೇಕು. ಮಳೆ ಬಗ್ಗೆ ನಾವು ವರ್ಷವೆಲ್ಲ ಮಾತಾಡುತ್ತೇವೆ. ಥಂಡಿ ಬಗ್ಗೆ ಮಾತಾಡುವುದು ಕಡಿಮೆ. ಥಂಡಿ ಅಂದರೆ ಕಂಬಳಿ ಹೊದೆಯುವ ವಿಷಯ ಅಂತ ನಾನೂ ಬಹಳ ವರ್ಷ ತಿಳಿದಿದ್ದೆ. ಎರಡು ಹಂಗಾಮು ಪೆಟ್ಟು ತಿಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೊದಲ ಪೆಟ್ಟು

2022ರಲ್ಲಿ ಅಕ್ಟೋಬರ್ ಮಳೆ ಬಿಡಲೇ ಇಲ್ಲ. ಹೊಲದಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು. ಕಡ್ಲಿ ಬಿತ್ತುವಾಗ ನವೆಂಬರ್ 15 ಆಗಿತ್ತು. "ನೆಲ ತುಂಬ ಹಸಿ ಐತಿ, ಚಳಿ ಹೆಂಗೂ ಶಿವರಾತ್ರಿ ತನಕ ಇರ್ತದ" ಅಂತ ಧೈರ್ಯ ಮಾಡಿದೆ. ಗಿಡ ಚೆನ್ನಾಗಿ ಬಂತು, ಹೂವೂ ಬಂತು. ಆದರೆ ಕಾಯಿ ತುಂಬುವ ಹೊತ್ತಿಗೆ, 2023ರ ಫೆಬ್ರವರಿಯಲ್ಲಿ, ಬೇಸಿಗೆಯ ಬಿಸಿಲು ಬಿತ್ತು. ಇಡೀ ದೇಶದ ಲೆಕ್ಕದಲ್ಲಿ, 1901ರಿಂದ ಅಲ್ಲಿಯವರೆಗೆ ಯಾವ ಫೆಬ್ರವರಿಯಲ್ಲೂ ಹಗಲಿನ ಸರಾಸರಿ ಉಷ್ಣತೆ ಅಷ್ಟು ಏರಿರಲಿಲ್ಲ ಅಂತ ಹವಾಮಾನ ಇಲಾಖೆ ಆಮೇಲೆ ಹೇಳಿತು. ನನ್ನ ಕಡ್ಲಿ ಕಾಳು ಮೆಣಸಿನಷ್ಟು ಗಾತ್ರಕ್ಕೇ ಸುಕ್ಕಿ ನಿಂತಿತು. ಶಿವರಾತ್ರಿ ತನಕ ಇರಬೇಕಾದ ಚಳಿ ಅದಕ್ಕಿಂತ ಮೊದಲೇ ಶಿವ ಶಿವಾ ಅಂದು ಹೋಗಿತ್ತು. ಸೊಸಾಯಿಟಿ ಸಾಲದ ಬಡ್ಡಿಗೆ ಒಂದು ಹೋರಿ ಮಾರಬೇಕಾಯಿತು.

ಎರಡನೇ ವರ್ಷ

2023 ಬರಗಾಲದ ವರ್ಷ. ಅದು ಎಲ್ ನಿನೊ ವರ್ಷ. ದೇಶದಲ್ಲಿ 1901ರ ನಂತರ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ನಮ್ಮ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ತಾಲೂಕು ಬರಪೀಡಿತ ಅಂತ ಘೋಷಣೆಯಾದವು. ಸಪ್ಟೆಂಬರ್ ಕೊನೆಗೆ ಬಿದ್ದ ಹದ ಮಳೆಗೆ ಮೂರು ಎಕರೆ ಬಿಳಿಜೋಳ, ಅಕ್ಟೋಬರ್ 12ಕ್ಕೆ ನಾಲ್ಕು ಎಕರೆ ಕಡ್ಲಿ ಬಿತ್ತಿದೆ. ದೀಪಾವಳಿ ಹೋದರೂ ರಾತ್ರಿ ಹೊದಿಕೆ ಬೇಕಾಗಲಿಲ್ಲ. ಪ್ರತಿವರ್ಷ 45 ದಿನಕ್ಕೆ ಹೂ ಕಾಣುವ ಕಡ್ಲಿ 38ಕ್ಕೇ ಹೂ ಬಿಟ್ಟಿತು. ಗಿಡ ಇನ್ನೂ ಗೇಣುದ್ದ!

ಡಿಸೆಂಬರ್ ಶುರುವಿಗೆ ಹವಾಮಾನ ಇಲಾಖೆಯ ಮೂರು ತಿಂಗಳ ಮುನ್ಸೂಚನೆ ಬಂತು. ದೇಶದ ಬಹಳ ಭಾಗದಲ್ಲಿ ರಾತ್ರಿಯ ಉಷ್ಣತೆ ಸಾಮಾನ್ಯಕ್ಕಿಂತ ಹೆಚ್ಚು ಇರುವ ಸಂಭವ, ಥಂಡಿ ಕಡಿಮೆ ಅಂತ. ಪಕ್ಕದ ಹೊಲದ ಹಿರಿಯರು ನಕ್ಕರು. "ಏ ತಮ್ಮಾ, ದಿಲ್ಯಾಗ ಕುಂತು ನಮ್ಮ ಥಂಡಿ ಹೆಂಗ ಹೇಳ್ತಾರೋ? ಎಳ್ಳಮಾಸಿಗೆ ಬರ್ತದ ನೋಡು."

"ಬರಬಹುದು ಕಾಕಾ. ಬರೂ ತನಕ ನೆಲದಾಗ ನೀರು ಇರಬೇಕಲ್ಲ?" ಅಂದೆ.

ನಮಗೂ ಹಿಮಾಲಯದ ಹಿಮಕ್ಕೂ ಏನು ಸಂಬಂಧ?

ಆ ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗ್ ಜನವರಿ ನಡುವಿನಲ್ಲೂ ಹಿಮವಿಲ್ಲದೆ ಬೋಳಾಗಿ ನಿಂತಿದ್ದನ್ನು ಟಿವಿಯಲ್ಲಿ ತೋರಿಸಿದರು. ಹಿಮಾಚಲದ ಸೇಬಿನ ರೈತರೂ ನಮ್ಮ ಹಾಗೆ ಆಕಾಶ ನೋಡುತ್ತಿದ್ದರು. ಸೇಬಿನ ಹಳೆಯ ಡೆಲಿಶಿಯಸ್ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಥಂಡಿ ಸಾವಿರ ತಾಸಿನಷ್ಟಾದರೂ ಬೇಕು, ಇಲ್ಲದಿದ್ದರೆ ವಸಂತದಲ್ಲಿ ಹೂ ಸರಿಯಾಗಿ ಬರುವುದಿಲ್ಲ. ಹಿಮ ಬಿದ್ದದ್ದು ಜನವರಿ ಕೊನೆಗೆ ಮತ್ತು ಫೆಬ್ರವರಿಯಲ್ಲಿ.

ಅಲ್ಲಿ ಹಿಮ ಸುರಿಸುವ ಮೋಡ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುತ್ತದೆ. ಅದು ಮುಂದೆ ಸರಿದ ಮೇಲೆ ಉತ್ತರದ ಒಣ ತಂಪು ಗಾಳಿ ಬಯಲಿಗೆ ಇಳಿಯುತ್ತದೆ. ಅದರ ಕೊನೆಯ ಸೆರಗು ಕೆಲವು ಸಲ ಬೀದರ, ಕಲಬುರ್ಗಿ, ವಿಜಯಪುರದವರೆಗೂ ತಾಗುತ್ತದೆ. ಆದರೆ ಅಲ್ಲಿ ಹಿಮ ಬಿದ್ದ ಕೂಡಲೇ ಇಲ್ಲಿ ಥಂಡಿ ಅಂತ ತಿಳಿಯಬೇಡಿ. ನಮ್ಮಲ್ಲಿ ಆಕಾಶ ತಿಳಿಯಾಗಿದ್ದು ಗಾಳಿ ಒಣಗಿರಬೇಕು. ಆಗ ನೆಲದ ಕಾವು ರಾತ್ರಿ ಮೇಲೆ ಹೋಗಿಬಿಡುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಮೋಡ ಬಂದರೆ ಅದೇ ಕಂಬಳಿ ಹೊದಿಸಿದ ಹಾಗೆ, ರಾತ್ರಿ ಬೆಚ್ಚಗೆ.

ಬೆಳೆ ಎಣಿಸುವುದು ದಿನವನ್ನಲ್ಲ, ಕಾವನ್ನು

ಇದನ್ನು ನನಗೆ ಹಿಟ್ನಳ್ಳಿ ಫಾರ್ಮಿನ ಕೃಷಿ ಮೇಳದಲ್ಲಿ ಒಬ್ಬ ವಿಜ್ಞಾನಿ ಹೇಳಿಕೊಟ್ಟರು. ಹಗಲಿನ ಹೆಚ್ಚಿನ ಉಷ್ಣತೆ, ರಾತ್ರಿಯ ಕಡಿಮೆ ಉಷ್ಣತೆ ಕೂಡಿಸಿ ಎರಡರಿಂದ ಭಾಗಿಸಿ. ಹಗಲು 30, ರಾತ್ರಿ 14 ಇದ್ದರೆ ಬರುವುದು 22. ಹಗಲು 32, ರಾತ್ರಿ 20 ಇದ್ದರೆ 26. ದಿನಕ್ಕೆ 22ರಂತೆ 45 ದಿನ ಕೂಡಿಸಿದರೆ 990. ದಿನಕ್ಕೆ 26ರಂತೆ 38 ದಿನಕ್ಕೇ 988. ಇದು ಒರಟು ಲೆಕ್ಕ, ಆದರೂ ನನ್ನ ಕಡ್ಲಿ ಏಕೆ ಅವಸರ ಮಾಡಿತು ಅಂತ ಇದರಿಂದ ತಿಳಿಯಿತು. ಅವಸರದ ಗಿಡಕ್ಕೆ ಟೊಂಗೆ ಕಡಿಮೆ, ಹೂ ಕಡಿಮೆ, ಕಾಯಿ ಕಡಿಮೆ. ಮೇಲಾಗಿ ಹಗಲು ಮಾಡಿದ ಆಹಾರವನ್ನು ಗಿಡ ಬೆಚ್ಚಗಿನ ರಾತ್ರಿ ಉಸಿರಾಟಕ್ಕೇ ಹೆಚ್ಚು ಖರ್ಚು ಮಾಡುತ್ತದೆ. ಹೂ ಇರುವಾಗ ಹಗಲು 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ.

ನಾನು ಮಾಡಿದ್ದು

ಒಂದು: ಜೋಳದಲ್ಲಿ ಎಡಿ ಹೊಡೆಯುವುದನ್ನು ನಿಲ್ಲಿಸಲಿಲ್ಲ. ಕಳೆ ಇಲ್ಲದಿದ್ದರೂ ನಾಲ್ಕು ಸಲ ಎಡೆಕುಂಟೆ ಹೊಡೆದೆ. ಎರಿ ನೆಲ ಬಿರಿದರೆ ಆ ಬಿರುಕಿನಿಂದಲೇ ಒಳಗಿನ ಹಸಿ ಹೋಗುತ್ತದೆ. ಬಿರುಕು ಬೆರಳು ಹೋಗುವಷ್ಟು ಆಗುವ ಮೊದಲೇ ಮುಚ್ಚಬೇಕು. ಕಡ್ಲಿಯಲ್ಲಿ ಮಾತ್ರ ಹೂ ಬಂದ ಮೇಲೆ ಎಡಿ ಬೇಡ, ಹೂ ಉದುರುತ್ತವೆ.

ಎರಡು: ಕಡ್ಲಿ ಕುಡಿ ಚಿವುಟುವುದಕ್ಕೆ ದಿನ ಎಣಿಸಬೇಡಿ, ಗಿಡ ನೋಡಿ. ಬೆಚ್ಚಗಿನ ವರ್ಷ ಮೊಗ್ಗು ಬೇಗ ಬರುತ್ತದೆ. ನಾನು 30 ದಿನಕ್ಕೇ ಚಿವುಟಿಸಿದೆ, ಪಲ್ಯಕ್ಕೂ ಆಯಿತು. ಮೊಗ್ಗು ಕಂಡ ಮೇಲೆ ಮುಟ್ಟಬಾರದು.

ಮೂರು: ಮೋಡ, ಬೆಚ್ಚಗಿನ ಹವೆ ಇದ್ದರೆ ಕಾಯಿಕೊರಕ ಹುಳದ ಕಾಟ ಹೆಚ್ಚು. ಹಕ್ಕಿ ಕೂರಲು ಹೊಲದಲ್ಲಿ ಅಲ್ಲಲ್ಲಿ ಟೊಂಗೆ ನೆಟ್ಟೆ. ಒಂದು ಮೀಟರ್ ಸಾಲಿನಲ್ಲಿ ಒಂದು ಹುಳ ಕಂಡಾಗ ಬೇವಿನ ಬೀಜದ ಕಷಾಯ ಹೊಡೆದೆ. 100 ಲೀಟರ್ ನೀರಿಗೆ 5 ಕಿಲೊ ಬೀಜದ ಪುಡಿ, ರಾತ್ರಿ ನೆನೆಸಿ, ಸೋಸಿ.

ನಾಲ್ಕು: ಇದು ಕಷ್ಟದ ಕೆಲಸ. ಡಿಸೆಂಬರ್ ಮೊದಲ ವಾರ ಜೋಳದ ಹೊಲದಲ್ಲಿ ಒಂದು ಮೊಳ ಅಗೆದು ಮಣ್ಣು ಹಿಡಿದು ನೋಡಿದೆ. ಉಂಡಿ ಕಟ್ಟಿದರೂ ಒತ್ತಿದ ಕೂಡಲೇ ಒಡೆಯಿತು. ಇಷ್ಟು ಹಸಿ ಎಲ್ಲ ಸಾಲಿಗೂ ತೆನೆವರೆಗೆ ಸಾಲದು. ಪ್ರತಿ ಮೂರನೇ ಸಾಲು ಕೀಳಲು ನಿಂತೆ. ನನ್ನ ಮನೆಯಾಕೆ ಬದುವಿನ ಮೇಲೆ ಕುಂತುಬಿಟ್ಟಳು. "ಹಸಿರು ನಿಂತ ಬೆಳಿ ಕೀಳ್ತೀರೇನ್ರಿ? ಥಂಡಿ ಬಂದ್ರ ಎಲ್ಲಾ ತೆನಿ ಆಗೂದು." ಅವಳ ಮಾತು ಸುಳ್ಳಲ್ಲ. ಥಂಡಿ ಬೇಗ ಬಂದರೆ ಮೂರರಲ್ಲಿ ಒಂದು ಪಾಲು ನಾನೇ ಕೈಯಾರೆ ಕಳೆದಂತೆ. ಬಾರದಿದ್ದರೆ ಮೂರೂ ಪಾಲು ಹೋಗುತ್ತದೆ. ಆ ದಿನ ನನಗೂ ಕೈ ಏಳಲಿಲ್ಲ. ಮರುದಿನ ಕಿತ್ತೆ, ಅವಳೂ ಬಂದು ಕಿತ್ತಳು.

ಕಿತ್ತ ಜೋಳವನ್ನು ಹಸಿಯಾಗಿ ದನಕ್ಕೆ ಹಾಕಬೇಡಿ. ಎಳೆಯ ಜೋಳದಲ್ಲಿ, ನೀರಿಲ್ಲದೆ ಬಾಡಿದ ಜೋಳದಲ್ಲಿ ವಿಷ ಇರುತ್ತದೆ, ದನ ಸಾಯುತ್ತದೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಆಮೇಲೆ ಹಾಕಿದೆ.

ಫಲ ಏನಾಯಿತು?

ನಮ್ಮ ಹೊಲದಲ್ಲಿ ನನ್ನ ಥರ್ಮಾಮೀಟರು ಡಿಸೆಂಬರಿನ ಬಹಳ ರಾತ್ರಿ 18, 19 ತೋರಿಸಿತು. ಎಳ್ಳಮಾಸಿಯ ಆಸುಪಾಸಿಗೆ ಎಂಟು ಹತ್ತು ರಾತ್ರಿ 14ಕ್ಕೆ ಇಳಿಯಿತು. ಕಾಕಾ ಹೇಳಿದಂತೆ ಥಂಡಿ ಬಂದದ್ದು ಖರೆ. ಆದರೆ ಅಷ್ಟೊತ್ತಿಗೆ ಕಡ್ಲಿ ಕಿತ್ತು ರಾಶಿಗೆ ಹಾಕಿದ್ದೆ. ಎಕರೆಗೆ ಎರಡೂವರೆ ಕ್ವಿಂಟಲ್, ಒಳ್ಳೆಯ ವರ್ಷದ ಅರ್ಧ. ಜೋಳದ ತೆನೆ ಮಾತ್ರ ಇನ್ನೂ ಹಾಲುಗಾಳು ಇತ್ತು. ಆ ಥಂಡಿ ಅದಕ್ಕೆ ಸಿಕ್ಕಿತು. ಎಕರೆಗೆ ಎರಡು ಕ್ವಿಂಟಲ್ ಕಾಳು, ಮನೆಗೆ ಸಾಲುವಷ್ಟು. ಕಣಕಿ ಉಳಿದ ಎತ್ತುಗಳಿಗೆ ಆಯಿತು. ಸಾಲು ಕೀಳದ ಹೊಲಗಳಲ್ಲಿ ಕೆಲವು ಕಡೆ ಕಾಂಡ ಒಳಗೆ ಕಪ್ಪಾಗಿ ಜೋಳ ನೆಲಕ್ಕೆ ಮಲಗಿತು. ತೆನೆ ಬಂದ ಮೇಲೆ ನೆಲದ ಹಸಿ ತೀರಿ ಬಿಸಿ ಹೆಚ್ಚಾದರೆ ಬರುವ ರೋಗ ಅದು.

ತಡವಾಗಿ ಬರುವ ಥಂಡಿ ಎಲ್ಲ ಬೆಳೆಗೂ ಸಿಗುವುದಿಲ್ಲ. ಕಾಳು ತುಂಬುವ ಕೆಲಸ ಇನ್ನೂ ಉಳಿದಿರುವ ಬೆಳೆಗೆ, ಅದೂ ಬೇರಿನ ಕೆಳಗೆ ಹಸಿ ಇದ್ದರೆ ಮಾತ್ರ, ಸಿಗುತ್ತದೆ. ಅದಕ್ಕೆ ಈಗ ನಾನು ಏಳೂ ಎಕರೆ ಒಂದೇ ಬೆಳೆ, ಒಂದೇ ವಾರ ಬಿತ್ತುವುದಿಲ್ಲ. ಆದರೆ ತಡ ಬಿತ್ತನೆಗೂ ಮಿತಿ ಬೇಕು, 2022ರ ನನ್ನ ಕಡ್ಲಿಯನ್ನು ನೆನೆಯಿರಿ.

ಮುನ್ಸೂಚನೆ ಓದುವ ಬಗೆ

ಮೂರು ತಿಂಗಳ ಮುನ್ಸೂಚನೆ ಸರಾಸರಿಯ ಮಾತು, ಸಂಭವದ ಮಾತು. ನಡುವೆ ಒಂದು ವಾರ ಗಟ್ಟಿ ಥಂಡಿ ಬಂದರೆ ಅದು ಸುಳ್ಳಾಗುವುದಿಲ್ಲ. ಅದನ್ನು ನೋಡಿ ಎಡಿ, ಸಾಲು, ಮೇವಿನ ಯೋಜನೆ ಮಾಡಿ. ಔಷಧಿ ಯಾವ ದಿನ, ಕಟಾವು ಯಾವ ದಿನ ಅನ್ನುವುದಕ್ಕೆ ಮಂಗಳವಾರ, ಶುಕ್ರವಾರ ಬರುವ ಹವಾಮಾನ ಕೃಷಿ ಸಲಹೆ ನೋಡಿ. ನಿಮ್ಮ ಹೊಲದ ಮಾತಿಗೆ ಹೆಚ್ಚು ಕಡಿಮೆ ಎರಡೂ ತೋರಿಸುವ ಒಂದು ಥರ್ಮಾಮೀಟರ್ ತನ್ನಿ. ನೆರಳಿನಲ್ಲಿ, ಗಾಳಿ ಆಡುವಲ್ಲಿ, ನೆಲದಿಂದ ನಾಲ್ಕೈದು ಅಡಿ ಮೇಲೆ ತೂಗುಹಾಕಿ, ಗೋಡೆಗೆ ತಾಗಿಸಬೇಡಿ. ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ದಿನಾ ಎರಡು ಅಂಕಿ, ಹೂ ಕಂಡ ದಿನ, ಇಬ್ಬನಿ ಬಿದ್ದ ದಿನ ಬರೆಯಿರಿ.

ನನ್ನಲ್ಲಿ ಈಗ ಅಂಥ ಎರಡು ಪುಸ್ತಕ ತುಂಬಿವೆ. ಬೇರೆ ಊರಿನವರೂ ಬರೆದಿಟ್ಟಿದ್ದರೆ ಪತ್ರಿಕೆಗೆ ಕಳಿಸಿ. ಯಾವ ಊರಲ್ಲಿ ಕಡ್ಲಿ ಎಷ್ಟು ದಿನಕ್ಕೆ ಹೂ ಬಿಟ್ಟಿತು ಅಂತ ಕೂಡಿಸಿ ನೋಡಿದರೆ ನಮಗೆಲ್ಲ ಉಪಯೋಗ.