ಜಟ್ಟಿಯ ಮೊದಲ ಮೆಟ್ಟಿಲು

ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಸುದ್ದಿಯನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಕಣ್ಣಾರೆ ಕಂಡವರು ಮಾತ್ರ ವಿರಳ. ಒಳಗಿನ ತೊಟ್ಟಿಯಾದ್ದರಿಂದ ಅಲ್ಲಿಗೆ ಕೆಲವರಿಗಷ್ಟೇ ಪ್ರವೇಶ. ಉಳಿದವರಿಗೆ ಪತ್ರಿಕೆಯ ಚಿತ್ರವೇ ಗತಿ. ತಲೆ ಬೋಳಿಸಿ ಜುಟ್ಟನ್ನಷ್ಟೇ ಉಳಿಸಿಕೊಂಡ ಇಬ್ಬರು ತರುಣರು, ಮುಷ್ಟಿಗೆ ತೊಟ್ಟ ಆಯುಧ, ನೆತ್ತಿಯಿಂದ ಹಣೆಗೆ ಇಳಿದ ರಕ್ತ - ಚಿತ್ರದಲ್ಲಿ ಕಾಣುವುದು ಇಷ್ಟು. ಅದರ ಕೆಳಗೆ ಎರಡು ಸಾಲು ಬರಹ. ಈ ತರುಣನು ಇಲ್ಲಿಯವರೆಗೆ ಹೇಗೆ ಬಂದನು, ಇದಕ್ಕೆ ಮೊದಲು ಎಲ್ಲಿ ಯಾರೊಡನೆ ಸೆಣಸಿದ್ದನು ಎಂಬುದಕ್ಕೆ ಆ ಎರಡು ಸಾಲಿನಲ್ಲಿ ಎಡೆಯಿಲ್ಲ. ಮಲ್ಲರ ಮನೆತನದಲ್ಲಿ ಹುಟ್ಟಿದ ಹುಡುಗನೊಬ್ಬನು ಮಲ್ಲನಾಗುವ ಆರಂಭದ ದಿನಗಳು ಹೇಗಿದ್ದುವು, ಈಗ ಹೇಗಿವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರು. ಜಟ್ಟಿ ಎಂಬುದು ನಮ್ಮ ಮಾತಿನಲ್ಲಿ ಬಲಶಾಲಿಯಾದ ಯಾರಿಗಾದರೂ ಸಲ್ಲುವ ಪದವಾಗಿದೆ. ‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ಪರೀಕ್ಷೆಯ ಫಲಿತಾಂಶ ಬಂದ ದಿನ ನಾವೆಲ್ಲರೂ ಬಳಸಿಯೇ ಬಳಸುತ್ತೇವೆ. ಆದರೆ ಅರಮನೆಯ ಜಟ್ಟಿಗಳು ಒಂದು ಪ್ರತ್ಯೇಕ ಜನಾಂಗ. ಇವರು ಜ್ಯೇಷ್ಠಿಮಲ್ಲರು, ಜ್ಯೇಷ್ಠಿಯೇ ಜಟ್ಟಿಯಾಯಿತು. ಇವರ ಮೂಲವನ್ನು ಗುಜರಾತಿನ ಕಡೆಗೆ ಹೇಳುತ್ತಾರೆ. ಮಲ್ಲಪುರಾಣವೆಂಬ ಸಂಸ್ಕೃತ ಗ್ರಂಥವು ಇವರ ಕುಲಪುರಾಣವೇ ಆಗಿದ್ದು, ಅದು ೧೯೬೪ರಲ್ಲಿ ಬರೋಡೆಯಲ್ಲಿ ಅಚ್ಚಾಯಿತು. ಶ್ರೀಕೃಷ್ಣನೇ ಮಲ್ಲವಿದ್ಯೆಯನ್ನು ಇವರ ಪೂರ್ವಿಕನಿಗೆ ಉಪದೇಶಿಸಿದನೆಂದು ಅದರ ಕಥೆ. ಕುಲದೇವತೆ ನಿಂಬಜಾದೇವಿ.

ಗುಜರಾತಿನ ಮಾತು ಹಾಗಿರಲಿ, ಕನ್ನಡ ನಾಡಿನಲ್ಲೂ ಮಲ್ಲರ ಲೆಕ್ಕ ಹಳೆಯದು. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವೇ ಮೀಸಲು. ವಯಸ್ಸು, ಮೈಕಟ್ಟು, ಬಲ ಇವುಗಳನ್ನು ನೋಡಿ ಮಲ್ಲರನ್ನು ವರ್ಗ ವರ್ಗವಾಗಿ ವಿಂಗಡಿಸಬೇಕೆಂದೂ ಅವರ ಸಾಧನೆ ಆಹಾರಗಳು ಹೇಗಿರಬೇಕೆಂದೂ ಅಲ್ಲಿ ಹೇಳಿದೆ. ಈ ವರ್ಗದ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದೇ ಮಾತು ನಮಗೆ ಬೇಕಾಗುತ್ತದೆ.

ವಿಜಯನಗರದ ಮಹಾನವಮಿಯಲ್ಲಿ ಮುಷ್ಟಿಮಲ್ಲರಿದ್ದರು. ೧೬ನೆಯ ಶತಮಾನದ ಪೋರ್ಚುಗೀಸ್ ಲೇಖಕ ನ್ಯೂನಿಜನು, ಅರಸನ ಬಳಿ ಸಾವಿರ ಮಲ್ಲರಿದ್ದರೆಂದೂ, ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದೂ ಬರೆದಿದ್ದಾನೆ. ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನಂತೆ! ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದಾಗ ಈ ಸಂಪ್ರದಾಯವೂ ಮೈಸೂರಿನ ಪಾಲಿಗೆ ಬಂದಿತು. ಹೈದರ್, ಟೀಪು ಇವರ ಕಾಲದಲ್ಲಿಯೂ ಜಟ್ಟಿಗಳಿದ್ದರು. ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲೇಯನ ಪುಸ್ತಕವು ೧೮೨೪ರಲ್ಲಿ ಪ್ರಕಟವಾಯಿತು. ಗುರುಗಳು ಮುಂದೆ, ಶಿಷ್ಯರು ಹಿಂದೆ ಬಂದು ಸಲಾಮು ಮಾಡಿ, ಒಂದು ಗರಡಿಯವನಿಗೆ ಇನ್ನೊಂದು ಗರಡಿಯವನನ್ನು ಜೊತೆ ಮಾಡುತ್ತಿದ್ದ ರೀತಿಯನ್ನು ಆತನು ವಿವರಿಸಿದ್ದಾನೆ. ಅಪರಾಧಿಗಳ ಕತ್ತು ಮುರಿಯುವ ಕೆಲಸವೂ ಜಟ್ಟಿಗಳ ಪಾಲಿಗಿತ್ತು. ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಅದೇ ಕೈಗಳು ಉಳುಕು ತೆಗೆಯುವುದರಲ್ಲಿ, ತೈಲ ತಿಕ್ಕಿ ನೋವು ಕಳೆಯುವುದರಲ್ಲಿ ಹೆಸರಾಗಿದ್ದುವೆಂಬುದನ್ನು ಮಾತ್ರ ಹೇಳಿದರೆ ನ್ಯಾಯವಾದೀತು.

ನಾನು ಓದಿದ ವರ್ಣನೆಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು ಮಾರ್ಕ್ ವಿಲ್ಕ್ಸನದು. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದಾಗ ಮೈಸೂರಿನಲ್ಲಿ ರೆಸಿಡೆಂಟನ ಕೆಲಸ ನೋಡಿದ ಈತನು ೧೮೧೦ರಿಂದ ೧೮೧೭ರ ಅವಧಿಯಲ್ಲಿ ಮೂರು ಸಂಪುಟಗಳ ಚರಿತ್ರೆಯನ್ನು ಹೊರತಂದನು. ಜಟ್ಟಿಗಳು ಶೈಶವದಿಂದಲೇ ದಿನವೂ ಸಾಮು ಮಾಡಿ ಈ ಉತ್ಸವಕ್ಕಾಗಿಯೇ ಸಿದ್ಧರಾಗುವವರೆಂದೂ, ಅವರಷ್ಟು ಸುಂದರವಾದ ಅಂಗಸೌಷ್ಠವ ಲೋಕದಲ್ಲಿ ಬೇರೆಲ್ಲಿಯೂ ಇರಲಾರದೆಂದೂ ಆತನ ಅಭಿಪ್ರಾಯ. ಕಿತ್ತಳೆ ಬಣ್ಣದ ಚಡ್ಡಿ ತೊಟ್ಟು, ಕೊರಳಲ್ಲಿ ಹೂವಿನ ಹಾರ ಧರಿಸಿ ಜೋಡಿ ಜೋಡಿಯಾಗಿ ಅವರು ಅಂಗಳಕ್ಕೆ ಬರುತ್ತಿದ್ದರು. ಪ್ರತಿಯೊಬ್ಬನ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಸಾರಲಾಗುತ್ತಿತ್ತು. ದಂತದ ಸಿಂಹಾಸನದ ಮೇಲಿದ್ದ ಮಹಾರಾಜರಿಗೂ, ಜಾಲರಿಯ ಹಿಂದೆ ಕುಳಿತ ರಾಣೀವಾಸದವರಿಗೂ ಅಡ್ಡಬಿದ್ದು, ಹಾರವನ್ನು ಬಿಚ್ಚಿ ಹೂವುಗಳನ್ನು ನೆಲದ ಮೇಲೆ ಚೆಲ್ಲಿ ಕಾಳಗಕ್ಕೆ ನಿಲ್ಲುತ್ತಿದ್ದರು. ಹೊಡೆಯಬಹುದಾದುದು ತಲೆಯನ್ನು ಮಾತ್ರ.

ವಿಲ್ಕ್ಸನು ಆಯುಧದ ರಚನೆಯನ್ನು ವಿಶೇಷ ಗಮನವಿಟ್ಟು ನೋಡಿದ್ದಾನೆ. ಅದು ಎಮ್ಮೆಯ ಕೊಂಬಿನದು. ಗೆಣ್ಣುಗಳಂತೆ ಚೂಪಾದ ನಾಲ್ಕು ಮೊನೆಗಳು. ಕಿರುಬೆರಳಿನ ಕಡೆ ಲಂಬವಾಗಿ ಚಾಚಿದ ಐದನೆಯದು, ಇನ್ನೂ ದೊಡ್ಡದು. ಇದನ್ನು ಮುಷ್ಟಿಗೆ ಭದ್ರವಾಗಿ ಕೂಡಿಸಿದ್ದರೆ ಸಾಧಾರಣ ಬಲದವನೂ ಒಂದೇ ಏಟಿಗೆ ಎದುರಾಳಿಯ ತಲೆ ಒಡೆಯಬಹುದಾಗಿತ್ತು. ಆದರೆ ಅದನ್ನು ಕಟ್ಟುತ್ತಿದ್ದುದು ಬೆರಳುಗಳ ಎರಡು ಕೀಲುಗಳ ನಡುವೆ. ಅಲ್ಲಿ ಕಟ್ಟಿದ ಮೇಲೆ ಪೂರ್ಣ ಬಲದಿಂದ ಹೊಡೆದರೆ ಹೊಡೆದವನ ಬೆರಳುಗಳ ಕೀಲುಗಳೇ ತಪ್ಪಿಹೋಗುವ ಅಪಾಯ! ಅಂದರೆ ಕಾಳಗದ ಮಿತಿಯನ್ನು ಆಯುಧದೊಳಗೇ ಇಟ್ಟಿದ್ದರು. ಹೀಗಿರುವಾಗ ಜಟ್ಟಿಯ ಮನೆಯ ಹುಡುಗನು ಎಲ್ಲಕ್ಕಿಂತ ಮೊದಲು ಕಲಿಯಬೇಕಾಗಿದ್ದುದು ಬಲವಾಗಿ ಹೊಡೆಯುವುದನ್ನಲ್ಲ, ಅಳೆದು ಹೊಡೆಯುವುದನ್ನು ಎಂದು ನನಗೆ ತೋರುತ್ತದೆ. ಇಂತಹ ಅಳತೆ ಒಂದು ದಿನದಲ್ಲಿ ಕೈಗೆ ಬರತಕ್ಕದ್ದಲ್ಲ.

ಕೃಷ್ಣರಾಜ ಮೊಹಲ್ಲಾದ ಒಂದು ಗರಡಿಗೆ ಹೋಗಿ, ನಾಡಕುಸ್ತಿಯ ಹಿರಿಯ ಉಸ್ತಾದರೊಬ್ಬರನ್ನು ಈ ವಿಷಯವಾಗಿ ಕೇಳಿದೆನು. ತಗ್ಗಿನ ಬಾಗಿಲು, ಒಳಗೆ ಕೆಂಪು ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು. ಅವರು ನಕ್ಕು, “ಮೊದಲು ಮಟ್ಟಿ ಅಗೆಯೋದು ಕಲೀಬೇಕು ಕಣಪ್ಪ. ಆಮೇಲೆ ಬೀಳೋದು. ಕೆಡವೋದು ಕಡೇಲಿ ತಾನಾಗೇ ಬರುತ್ತೆ” ಎಂದರು. ದಂಡ, ಬಸ್ಕಿ, ಗದೆ ತಿರುಗಿಸುವುದು - ಇವುಗಳಲ್ಲಿ ಹುಡುಗನ ತಿಂಗಳುಗಳೇ ಕಳೆಯುತ್ತವೆ. “ನಿಮ್ಮ ಮಗನಿಗೂ ಇದೇ ಕ್ರಮವೇ, ಉಸ್ತಾದರೆ?” ಎಂದುದಕ್ಕೆ, “ಮಗ ಅಂತ ಮಟ್ಟಿಗೆ ಗೊತ್ತಾಗುತ್ತೇನಪ್ಪ?” ಎಂಬ ಉತ್ತರ ಬಂದಿತು.

ಮತ್ತೆ ವಿಲ್ಕ್ಸನ ಕಡೆಗೆ ಬರೋಣ. ಆತನು ಕೊನೆಯಲ್ಲಿ ಹೇಳುವ ಒಂದು ಸಂಗತಿಯನ್ನು ವಜ್ರಮುಷ್ಟಿಯ ವಿಷಯ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಜಟ್ಟಿಗಳಲ್ಲಿ ಐದು ವರ್ಗಗಳಿದ್ದುವು. ಗೆದ್ದವನಿಗೆ ಸಲ್ಲುತ್ತಿದ್ದ ಸಾಮಾನ್ಯ ಬಹುಮಾನವೆಂದರೆ ಮೇಲಿನ ವರ್ಗಕ್ಕೆ ಏರುವುದು. ಮೊದಲನೆಯ ವರ್ಗದವರಿಗೆ ಬೇರೆ ಮನ್ನಣೆಗಳಿದ್ದುವು. ಮುಪ್ಪಿನಲ್ಲಿ ಅವರೇ ಉತ್ಸವದ ಕಾಳಗಗಳನ್ನು ನಡೆಸುವ ಯಜಮಾನರಾಗುತ್ತಿದ್ದರು. ಸೆಣಸಾಟ ಮಿತಿಮೀರಿತೆಂದು ಕಂಡಾಗ ಪೇಟವನ್ನೂ ವಸ್ತ್ರಗಳನ್ನೂ ಅಂಗಳಕ್ಕೆ ಎಸೆದರೆ ಅದೇ ನಿಲ್ಲಿಸುವ ಸಂಜ್ಞೆ. ಅವು ಮಲ್ಲರಿಗೆ ಉಡುಗೊರೆಯೂ ಹೌದು. ಗೆದ್ದವನು ತನಗೆ ಆಯಾಸವೇ ಆಗಿಲ್ಲವೆಂದು ತೋರಿಸಲು ನಾಲ್ಕೈದು ಲಾಗ ಹಾಕುತ್ತ ಹೊರಟುಹೋಗುತ್ತಿದ್ದನಂತೆ.

ಇದನ್ನು ಓದಿದಾಗ ಆ ಕಾಲದ ಎಳೆಯ ಜಟ್ಟಿಯ ಚಿತ್ರ ನನಗೆ ಸ್ಪಷ್ಟವಾಯಿತು. ಅವನು ತೀರ ಕೆಳಗಿನ ವರ್ಗದಲ್ಲಿ ನಿಲ್ಲುತ್ತಿದ್ದನು. ಎದುರಿಗೆ ಬರುವವನೂ ತನ್ನಂಥವನೇ. ಸೋತರೆ ಅದೇ ಮೆಟ್ಟಿಲು, ಗೆದ್ದರೆ ಇನ್ನೊಂದು. ಮನೆತನದಿಂದ ಅಂಗಳಕ್ಕೆ ಇಳಿಯುವ ಹಕ್ಕು ಬರುತ್ತಿತ್ತೇ ಹೊರತು ಮೇಲಿನ ಮೆಟ್ಟಿಲು ಬರುತ್ತಿರಲಿಲ್ಲ.

ಹೆಸರನ್ನೂ ಊರನ್ನೂ ಸಾರುತ್ತಿದ್ದರೆಂದೆನಷ್ಟೆ. ಇದಕ್ಕೆ ವಿರುದ್ಧವಾಗಿ ಹೆಸರನ್ನು ಮರೆಸಿ ಸೆಣಸಿದವರೂ ಉಂಟು. ನಮ್ಮಲ್ಲಿ ಇದಕ್ಕೆ ದೊಡ್ಡ ಉದಾಹರಣೆ ೧೬೩೮ರಿಂದ ೧೬೫೯ರ ವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರದು. ಪಟ್ಟಕ್ಕೆ ಬರುವ ಮೊದಲು ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಯಾರಿಗೂ ಮಣಿಯದಿದ್ದ ಅಲ್ಲಿಯ ಮಲ್ಲನನ್ನು ಕೊಂದು, ಗುರುತು ಹೇಳದೆ ಹಿಂದಿರುಗಿದರೆಂಬ ಕಥೆ ಪ್ರಸಿದ್ಧವಾಗಿದೆ. ೧೯೬೦ರ ಚಲನಚಿತ್ರದಿಂದ ಅವರ ಹೆಸರು ಮನೆಮನೆಯ ಮಾತಾಯಿತು.

ವೇಷ ಮರೆಸುವುದನ್ನೇ ಒಂದು ಸಂಪ್ರದಾಯವಾಗಿ ಬೆಳೆಸಿದ ದೇಶ ಮೆಕ್ಸಿಕೋ. ಅಲ್ಲಿಯ ವೃತ್ತಿಕುಸ್ತಿಯಲ್ಲಿ ಮಲ್ಲರು ಮುಖವಾಡ ತೊಟ್ಟು ಅಖಾಡಕ್ಕೆ ಇಳಿಯುತ್ತಾರೆ. ಪಣಕ್ಕೆ ಮುಖವಾಡವನ್ನೇ ಒಡ್ಡಿ ಸೋತರೆ ಎಲ್ಲರೆದುರು ಅದನ್ನು ಕಳಚಬೇಕು. ಇವರಲ್ಲಿ ಅಗ್ರಗಣ್ಯನು ‘ಎಲ್ ಸಾಂತೊ’, ಎಂದರೆ ಸಂತ. ೧೯೧೭ರಲ್ಲಿ ಹುಟ್ಟಿದ ಈತನ ನಿಜನಾಮ ರೊಡೊಲ್ಫೊ ಗುಸ್ಮಾನ್ ವೆರ್ತಾ. ಸಹೋದರರೂ ಕುಸ್ತಿಯವರೇ. ಬೆಳ್ಳಿಯ ಮುಖವಾಡದೊಡನೆ ಈತನು ಜನರೆದುರು ನಿಂತದ್ದು ೧೯೪೨ರ ಜುಲೈ ೨೬ರಂದು. ಅಷ್ಟು ಹೊತ್ತಿಗೆ ಎಷ್ಟೋ ಹೆಸರುಗಳನ್ನು ತೊಟ್ಟು ಬಿಟ್ಟಾಗಿತ್ತು. ‘ಎರಡನೆಯ ಬಾವಲಿ’ ಎಂಬ ಹೆಸರಿಟ್ಟುಕೊಂಡಾಗಲಂತೂ ಮೊದಲನೆಯ ಬಾವಲಿಯೇ ಆಕ್ಷೇಪಣೆ ಮಾಡಿ ಅದನ್ನು ಬಿಡಿಸಿದನು! ಈತನು ೧೯೮೪ರಲ್ಲಿ ತೀರಿಕೊಂಡನು. ಕಿರಿಯ ಮಗನೂ ಮಲ್ಲನಾಗಬಯಸಿದಾಗ ಓದು ಮೊದಲೆಂದು ತಂದೆಯ ಕಟ್ಟಪ್ಪಣೆಯಾಯಿತೆನ್ನುತ್ತಾರೆ (ನಮ್ಮ ಮನೆಗಳ ಮಾತೇ!). ೧೯೮೨ರ ಫೆಬ್ರವರಿಯಲ್ಲಿ ಆ ಮಗನು ಅಖಾಡಕ್ಕೆ ಇಳಿದದ್ದು ತಂದೆಯ ಹೆಸರಿನಲ್ಲಲ್ಲ, ‘ಕೋರಾಕ್’ ಎಂಬ ಬೇರೊಂದು ಹೆಸರಿನಲ್ಲಿ. ‘ಸಂತನ ಮಗ’ನೆಂಬ ಹೆಸರೂ ಬೆಳ್ಳಿಯ ಮುಖವಾಡವೂ ಅವನಿಗೆ ದಕ್ಕಿದುದು ಅದೇ ವರ್ಷ ಕೆಲವು ತಿಂಗಳ ಮೇಲೆ.

ಮೆಕ್ಸಿಕೋದ ಕುಸ್ತಿಯಲ್ಲಿ ನಾಟಕದ ಅಂಶ ಹೆಚ್ಚು, ನಮ್ಮದರೊಡನೆ ಅದನ್ನು ತೂಗಬಾರದೆಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ನನ್ನ ಗಮನವಿರುವುದು ಒಂದೇ ಅಂಶದ ಮೇಲೆ. ಅಷ್ಟು ದೊಡ್ಡ ಮಲ್ಲನ ಮಗನಿಗೂ ಬಿದ್ದರೆ ಮಾನ ಹೋಗದಂತಹ ಒಂದು ಕೆಳಗಿನ ಮೆಟ್ಟಿಲನ್ನು ಅಲ್ಲಿ ಕಲ್ಪಿಸಿದ್ದರು. ವಿಲ್ಕ್ಸನ ಕಾಲದ ಜಟ್ಟಿಯ ಮಗನಿಗೆ ಅಂತಹ ಮೆಟ್ಟಿಲು ಇತ್ತು. ಈಗಿನವನಿಗೆ?

ಈಗ ವಿಜಯದಶಮಿಯ ಕಾಳಗಕ್ಕೆ ಆರಿಸುವುದು ಸಾಮಾನ್ಯವಾಗಿ ನಾಲ್ವರನ್ನು - ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು. ಎರಡು ಜೋಡಿ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಎಷ್ಟೋ ವೇಳೆ ಒಂದು ನಿಮಿಷವೂ ಹಿಡಿಯುವುದಿಲ್ಲ. ೧೯೭೧ರಲ್ಲಿ ರಾಜಧನ ರದ್ದಾದ ಮೇಲೂ ಅರಮನೆಯವರು ಇದನ್ನು ಬಿಡದೆ ನಡೆಸಿಕೊಂಡು ಬಂದಿರುವುದು ಶ್ಲಾಘನೀಯವೇ. ರಕ್ತ ಕಂಡೊಡನೆ ನಿಲ್ಲಿಸುವುದೂ ಸರಿಯೇ. ಅಡಿಯವರೆಗೆ ರಕ್ತ ಸುರಿಯುವ ಹಳೆಯ ಕಾಳಗ ಮರಳಿ ಬರಲೆಂದು ಯಾರೂ ಹೇಳಲಾರರು. ಆದರೆ ಐದು ವರ್ಗಗಳ ಏಣಿಯಲ್ಲಿ ನಮಗೆ ಉಳಿದದ್ದು ತುತ್ತತುದಿಯೊಂದೇ. ತರುಣ ಜಟ್ಟಿಯ ಮೊದಲ ಕಾಳಗವೇ ಅರಮನೆಯ ಕಾಳಗ, ರಾಜವಂಶದವರ ಸಮ್ಮುಖದಲ್ಲಿ, ಕ್ಯಾಮರಾಗಳ ಎದುರಿನಲ್ಲಿ. ಅಳೆದು ಹೊಡೆಯುವ ವಿದ್ಯೆಯನ್ನು ಅವನು ಮನೆಯವರಿಂದಲೂ ಗರಡಿಯಲ್ಲಿಯೂ ಎಷ್ಟು ಕಲಿತನೋ ಅಷ್ಟೇ ಅವನ ಬಂಡವಾಳ.

ಏಣಿ ಪೂರ್ತಿ ಮುರಿದುಹೋಗಿದೆಯೆಂದಲ್ಲ. ಅದು ದೊಡ್ಡಕೆರೆ ಮೈದಾನಕ್ಕೆ ಸ್ಥಳಾಂತರಗೊಂಡಿದೆ. ದಸರೆಯ ನಾಡಕುಸ್ತಿಯಲ್ಲಿ ಮೊದಲೇ ಜೋಡಿ ಕಟ್ಟುತ್ತಾರೆ. ಎಳೆಯರಿಗೆ ಎಳೆಯರೇ ಜೋಡಿ. ದಸರಾ ಕುಮಾರ, ದಸರಾ ಕೇಸರಿ, ದಸರಾ ಕಂಠೀರವ ಎಂದು ಬೇರೆ ಬೇರೆ ಬಿರುದುಗಳಿವೆ. ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ. ಅಲ್ಲಿ ಯಾವ ಮನೆತನದವರಾದರೂ ಲಂಗೋಟಿ ಕಟ್ಟಬಹುದು. ಸೋಮೇಶ್ವರನ ವಿಂಗಡಣೆಗೂ ವಿಲ್ಕ್ಸನ ಐದು ವರ್ಗಗಳಿಗೂ ಇಂದಿನ ವಾರಸುದಾರರು ಈ ಮಟ್ಟಿಯ ಮಕ್ಕಳೇ ಎಂದರೆ ತಪ್ಪಾಗಲಾರದು.

ಜಟ್ಟಿಗಳ ಹುಡುಗರಿಗೂ ವಿಜಯದಶಮಿಗೆ ಮೊದಲು ಅಂತಹ ಕೆಳಗಿನ ಜೋಡಿಗಳು ದೊರೆಯಬೇಕೆಂದು ನನ್ನ ಅಭಿಪ್ರಾಯ. ಹೇಗೆ ಎಂಬುದನ್ನು ಬಲ್ಲವರು ಅವರ ಹಿರಿಯರು; ವಿದ್ಯಾರ್ಥಿಯಾದ ನಾನು ಹೇಳತಕ್ಕದ್ದಲ್ಲ. ನಮ್ಮ ಕೈಲಾಗುವ ಕೆಲಸವೂ ಒಂದಿದೆ. ವಿಲ್ಕ್ಸನ ಕಾಲದಲ್ಲಿ ಸಾರುತ್ತಿದ್ದ ಹೆಸರು, ಊರುಗಳ ಜೊತೆಗೆ ಗುರು ಯಾರು, ಎಷ್ಟನೆಯ ವಯಸ್ಸಿನಲ್ಲಿ ಸಾಮು ಹಿಡಿದನು, ಇದು ಎಷ್ಟನೆಯ ಕಾಳಗ ಎಂಬಿಷ್ಟನ್ನು ಪ್ರತಿ ವರ್ಷ ನಾಲ್ವರಿಂದಲೂ ಅವರ ಒಪ್ಪಿಗೆ ಪಡೆದು ಕೇಳಿ ಬರೆದಿಡಬಹುದು. ನಮ್ಮ ಚರಿತ್ರೆಯ ಸಂಘದ ಕಪಾಟಿನಲ್ಲಿ ಗೆರೆ ಹಾಕಿದ ಖಾಲಿ ಪುಸ್ತಕಗಳಿವೆ. ಬರುವ ದಸರೆಗೆ ಒಂದನ್ನು ತೆಗೆದುಕೊಡಬೇಕೆಂದು ಸಂಘದ ಅಧ್ಯಕ್ಷರಾದ ಅಧ್ಯಾಪಕರಲ್ಲಿ ಈಗಾಗಲೇ ವಿನಂತಿಸಿದ್ದೇನೆ. ಜೊತೆಗೆ ಬರುವ ಮಿತ್ರರು ನವರಾತ್ರಿಗೆ ಮೊದಲೇ ತಿಳಿಸಿದರೆ ಚನ್ನಪಟ್ಟಣದಿಂದ ಆರಂಭಿಸಬಹುದು.