ಬಾನಿಯ ತಾವರೆ ಚಳಿಗಾಲ ದಾಟಲು

ದೀಪಾವಳಿ ಮುಗಿದು ಬನದ ಹುಣ್ಣಿಮೆ ಹತ್ತಿರವಾದಂತೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆ ಬೆಳಗಿನ ನೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಅಂಗಳದ ಕಲ್ಲಬಾನಿಯಲ್ಲಿ ಆಸೆಯಿಂದ ನೆಟ್ಟ ತಾವರೆಯ ಎಲೆ ಅಂಚಿನಿಂದ ಕಂದಿ, ಬಾಗಿ, ನೀರಿಗೆ ಬೀಳುತ್ತದೆ. ಗಿಡ ಸತ್ತಿತೆಂದು ಕಿತ್ತು ತಿಪ್ಪೆಗೆ ಹಾಕುವವರನ್ನು ಬಹಳ ನೋಡಿದ್ದೇನೆ. ನಮ್ಮ ಭಾಗದ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ. ಗಿಡ ಮಲಗುತ್ತದೆ, ಅಷ್ಟೇ. ಸರಿಯಾದ ಗಿಡ ಆರಿಸಿ, ಮಲಗಿದ್ದನ್ನು ಮಲಗಲು ಬಿಟ್ಟರೆ ಕೊಳ ಉಳಿಯುತ್ತದೆ.

1. ನೈದಿಲೆ ಕೊಳ್ಳುವಾಗ ಎಲೆಯ ಅಂಚು ನೋಡಿ. ಅಂಚು ನುಣುಪಾಗಿದ್ದು, ಹೂವು ನೀರಿನ ಮೇಲೆಯೇ ತೇಲುತ್ತಿದ್ದರೆ ಅದು ಸಾಮಾನ್ಯವಾಗಿ ಚಳಿ ತಡೆಯುವ ಜಾತಿ. ಅಂಚು ಗರಗಸದಂತಿದ್ದು, ಹೂವು ನೀರಿನಿಂದ ಗೇಣು ಮೇಲೆ ನಿಂತಿದ್ದರೆ ಉಷ್ಣವಲಯದ್ದು. ನೀಲಿ, ನೇರಳೆ ಹೂಗಳು ಹೆಚ್ಚಾಗಿ ಈ ಎರಡನೆಯ ಗುಂಪಿನವು. ಚಳಿ ತಡೆಯುವ ಕೆಂಪು, ಗುಲಾಬಿ, ಹಳದಿ ತಳಿಗಳಲ್ಲಿ ಬಹಳಷ್ಟು ಫ್ರಾನ್ಸಿನ ಲಾತೂರ್-ಮಾರ್ಲಿಯಾಕ್ 1875ರಲ್ಲಿ ತೆರೆದ ನರ್ಸರಿಯಿಂದ ಹೊರಟವು. ಚಿತ್ರಕಾರ ಮೊನೆ ತನ್ನ ಕೊಳಕ್ಕೆ ತರಿಸಿದ್ದೂ ಅಲ್ಲಿಂದಲೇ. ಹಾಗೆಂದು ನೀಲಿ ನೈದಿಲೆ ಬಿಡಬೇಕಿಲ್ಲ. ಜನವರಿಯಲ್ಲಿ ಹೂವು ನಿಂತೀತು, ಗಡ್ಡೆ ಉಳಿಯುತ್ತದೆ.

2. ಮಲಗಿದ ತಾವರೆಯನ್ನು ಕೆದಕಬೇಡಿ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಚಳಿಗಾಲ ಬಂತೆಂದರೆ ತಾವರೆ ತನ್ನ ಬಲವನ್ನೆಲ್ಲ ಕೆಸರಿನೊಳಗಿನ ಗಡ್ಡೆಗೆ ಇಳಿಸಿಕೊಳ್ಳುತ್ತದೆ. ಮೊದಲ ವರ್ಷ ನಾನು ತಡೆಯಲಾರದೆ ಬಾನಿಗೆ ಕೈ ಹಾಕಿದ್ದೆ. ಕೊಳೆತ ಎಲೆಗಳ ಕೆಳಗೆ ಎಳೆ ಬಾಳೆಕಾಯಿಯ ಗಾತ್ರದ ಎರಡು ಗಡ್ಡೆ, ಬಿಳಿಯಾಗಿ, ಬಿಗಿಯಾಗಿ, ತುದಿಯಲ್ಲಿ ಸೂಜಿಯಂಥ ಮೊಳಕೆ. ಹಿಂದಕ್ಕೆ ಇಡುವಾಗ ಒಂದರ ತುದಿ ಮುರಿಯಿತು. ಅದು ಮುಂದೆ ಚಿಗುರಲೇ ಇಲ್ಲ. ಆದ್ದರಿಂದ ಅನುಮಾನ ಬಂದರೂ ಕೈ ಹಾಕಬೇಡಿ. ಒಣಗಿದ ದಂಟನ್ನು ಕತ್ತರಿಸುವುದಾದರೆ ನೀರಿನ ಮಟ್ಟಕ್ಕಿಂತ ಮೇಲೆಯೇ ಕತ್ತರಿಸಿ. ದಂಟು ಟೊಳ್ಳು, ಕೆಳಗೆ ಕತ್ತರಿಸಿದರೆ ನೀರು ಗಡ್ಡೆಯತನಕ ಇಳಿದು ಕೊಳೆಸಬಹುದು. ದೀಪಾವಳಿಯಿಂದ ಶಿವರಾತ್ರಿವರೆಗೆ ಗೊಬ್ಬರ ಬೇಡ. ಮಣ್ಣಿನ ಮೇಲೆ ನೀರು ಮಾತ್ರ ಆರದಂತೆ ನೋಡಿಕೊಳ್ಳಿ. ತಾವರೆಯ ನಿದ್ದೆ ಎಷ್ಟು ಗಟ್ಟಿ ಎನ್ನುವುದಕ್ಕೆ ಒಂದು ಸಾಕ್ಷಿ: ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಒಣಗಿದ ಸರೋವರದ ತಳದಲ್ಲಿ ಸಿಕ್ಕ ಸುಮಾರು 1300 ವರ್ಷ ಹಳೆಯ ಬೀಜ ಮೊಳೆತಿದೆ. ಅಂದರೆ ಬಾದಾಮಿ ಚಾಲುಕ್ಯರ ಕಾಲದ ಬೀಜ. ಅಲ್ಲಿ ಚಳಿಗಾಲವೆಂದರೆ ಹಿಮ.

3. ನೀರು ಹೆಚ್ಚಿರಲಿ. ಬಾದಾಮಿಯ ಅಗಸ್ತ್ಯ ತೀರ್ಥದಂಥ ದೊಡ್ಡ ಹೊಂಡ ರಾತ್ರಿ ಬೆಳಗಾಗುವುದರೊಳಗೆ ತಣ್ಣಗಾಗುವುದಿಲ್ಲ. ಮಹಾಕೂಟದ ಪುಷ್ಕರಿಣಿಗೆ ಬುಗ್ಗೆಯ ನೀರೇ ಆಸರೆ. ಚಿಕ್ಕ ಬಕೆಟ್ ಮಾತ್ರ ರಾತ್ರಿ ತಣ್ಣಗಾಗಿ ಮಧ್ಯಾಹ್ನ ಕಾಯುತ್ತದೆ, ಆ ಏರಿಳಿತವೇ ಗಿಡವನ್ನು ಸೊರಗಿಸುತ್ತದೆ. ತಾವರೆಗೆ ಮಣ್ಣಿನ ಮೇಲೆ ಅರ್ಧ ಅಡಿಯಿಂದ ಒಂದು ಅಡಿ, ನೈದಿಲೆಗೆ ಒಂದರಿಂದ ಒಂದೂವರೆ ಅಡಿ ನೀರು ಬೇಕು. ಇಳಕಲ್ಲಿನ ಕೆಂಪು ಕಲ್ಲಿನ ಹಳೆಯ ಬಾನಿ ಮನೆಯಲ್ಲಿದ್ದರೆ ಅದನ್ನೇ ಬಳಸಿ.

4. ಎರಿ ಮಣ್ಣಿಗೆ ಸ್ವಲ್ಪ ಕೆಂಪು ಮಣ್ಣು ಸೇರಿಸಿ. ಗೊಬ್ಬರ ಪೂರ್ತಿ ಕಳಿತದ್ದಾಗಿರಲಿ, ಹಸಿ ಸಗಣಿ ಗಡ್ಡೆಯನ್ನು ಕೊಳೆಸುತ್ತದೆ. ಮೇಲೊಂದು ಪದರ ಉಸುಕು ಹಾಸಿ.

5. ಬಿಸಿಲಿನ ಜಾಗವನ್ನು ಡಿಸೆಂಬರಿನಲ್ಲಿ ಗುರುತಿಸಿ. ಸೂರ್ಯ ದಕ್ಷಿಣಕ್ಕೆ ಸರಿದಾಗ ಮನೆಯ ಬಡಗಣ ಬದಿ ದಿನವಿಡೀ ನೆರಳಲ್ಲಿರುತ್ತದೆ. ಬೇಸಗೆಯಲ್ಲಿ ನೋಡಿ ಬಾನಿ ಇಟ್ಟವರು ಮೋಸ ಹೋಗುತ್ತಾರೆ. ದಿನಕ್ಕೆ ಆರು ತಾಸು ಬಿಸಿಲು ಬೀಳಲಿ.

6. ಅಂಚಿಗೆ ಬಜೆ ನೆಡಿ. ಮಕ್ಕಳಿಗೆ ತೇಯ್ದು ನೆಕ್ಕಿಸುವ ಅದೇ ಬಜೆ. ಯುರೋಪಿನ ಹಿಮದಲ್ಲೂ ಬದುಕುವ ಗಿಡ ಅದು, ನಮ್ಮ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಹೂವು ಬೇಕೆಂದರೆ ಕಾಬಾಳೆ. ಜೊಂಡನ್ನು ಕುಂಡದಲ್ಲಿ ಮಾತ್ರ ಇಡಿ, ಬಿಟ್ಟರೆ ಕೊಳವನ್ನೇ ನುಂಗುತ್ತದೆ.

7. ಶಿವರಾತ್ರಿಗೆ ಕೆಲಸ ಶುರುಮಾಡಿ. ಚಳಿ ಶಿವಶಿವಾ ಎಂದು ಹೋದ ಮೇಲೆ ಗಡ್ಡೆ ಬೇರ್ಪಡಿಸಿ, ಹೊಸ ಮಣ್ಣು ಕೊಡಿ. ಒತ್ತಿದರೆ ಗಟ್ಟಿಯಾಗಿದ್ದರೆ ಜೀವವಿದೆ, ಮೆತ್ತಗಾಗಿ ನಾರುತ್ತಿದ್ದರೆ ತೆಗೆಯಿರಿ. ಮುಂದೆ ಬರುವುದು 40 ಡಿಗ್ರಿ ದಾಟುವ ಬೇಸಗೆ, ಆವಿಯಾದ ನೀರನ್ನು ದಿನವೂ ತುಂಬಬೇಕು. ಈ ಸೀಮೆಯಲ್ಲಿ ಗಿಡಕ್ಕೆ ನಿಜವಾದ ಪರೀಕ್ಷೆ ಅದೇ.

8. ಚಂದವೆಂದು ಅಂತರಗಂಗೆಯನ್ನಾಗಲಿ, ನೇರಳೆ ಹೂವಿನ ವಾಟರ್ ಹಯಸಿಂತನ್ನಾಗಲಿ ತರಬೇಡಿ. ಹಿಮ ಬೀಳುವ ದೇಶಗಳಲ್ಲಿ ಚಳಿಯೇ ಅವನ್ನು ಕೊಲ್ಲುತ್ತದೆ. ನಮ್ಮಲ್ಲಿ ಕೊಲ್ಲುವ ಚಳಿ ಇಲ್ಲ, ವರ್ಷವಿಡೀ ಹಬ್ಬುತ್ತವೆ. ಈಗಾಗಲೇ ಮನೆಯಲ್ಲಿದ್ದರೆ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಮಲಪ್ರಭೆಗೆ, ಆಲಮಟ್ಟಿಯ ಹಿನ್ನೀರಿಗೆ, ಊರ ಕೆರೆಗೆ ಒಂದು ಎಸಳನ್ನೂ ಎಸೆಯಬೇಡಿ.